ಹೋಲಿಕೆಗೆ ಕುಳಿತ ಅಜ್ಜ

ಯಂತ್ರ ನನ್ನ ಮೊಮ್ಮಗಳು ಧರಿತ್ರಿಗೆ ಹನ್ನೊಂದು ಅಂಕ ಕೊಟ್ಟಿತು. ನಲವತ್ತು ದಾಟಿದರೆ ಆಟಿಸಂ ಇದೆ ಎಂದು ಅರ್ಥ. ಇಪ್ಪತ್ತೈದರಿಂದ ನಲವತ್ತರೊಳಗೆ ಬಂದರೆ ಇನ್ನೊಮ್ಮೆ ಕರೆಸಿ ನೋಡುತ್ತಾರೆ. ಅದಕ್ಕಿಂತ ಕಡಿಮೆ ಬಂದರೆ ಮಗು ಎಲ್ಲರ ಹಾಗೆಯೇ ಇದೆ, ಮನೆಗೆ ಕರೆದುಕೊಂಡು ಹೋಗಿ ಎನ್ನುತ್ತಾರೆ. ಹನ್ನೊಂದು ಎಂದರೆ ಮಾತಿಗೇ ಜಾಗವಿಲ್ಲದ ಅಂಕ.

ಇಂಥ ಸುದ್ದಿ ಕೇಳಿದ ತಾಯಿ ದೇವರಿಗೆ ಕೈಮುಗಿಯಬೇಕು. ನನ್ನ ಮಗಳು ಅಕ್ಷತಾ ಚೀಟಿಯನ್ನು ಎರಡು ಸಲ ಓದಿ, ಪರೀಕ್ಷೆ ಮಾಡಿದ ಕೇಂದ್ರದ ಬೆಂಚಿನ ಮೇಲೆ ಕುಸಿದು ಕೂತು ಅತ್ತಳು. ಅವಳು ಏಳು ತಿಂಗಳ ಬಸುರಿ. ಅಳುವಾಗ ಉಸಿರು ಸಿಕ್ಕಿಕೊಳ್ಳುತ್ತಿತ್ತು.

"ಏನೂ ಇಲ್ಲಂದ್ರ ಅಕಿ ಯಾಕ ಹಂಗ ಮಾಡ್ತಾಳಪ್ಪಾ? ಹಂಗಾರ ಬೆಳಸೂದ್ರಾಗ ನಂದ ತಪ್ಪು ಅನ್ರಿ."

ಇಂಥ ಹೊತ್ತಿನಲ್ಲಿ ಬೆನ್ನು ಸವರಬೇಕು ಎಂದು ಎಷ್ಟೋ ಜನ ನನಗೆ ಹೇಳಿಕೊಟ್ಟಿದ್ದಾರೆ. ಎಷ್ಟು ಹೊತ್ತು ಸವರಬೇಕು ಎಂದು ಮಾತ್ರ ಯಾರೂ ಹೇಳಿಲ್ಲ. ಮೂರು ಸಲ ಸವರಿ ಕೈ ತೆಗೆದೆ.

ನನ್ನ ಹೆಸರು ಗದಿಗೆಪ್ಪ ಅಣ್ಣಿಗೇರಿ. ಧಾರವಾಡದ ಹೊಸಯಲ್ಲಾಪುರದಲ್ಲಿ ಮನೆ. ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತನಾದವನು. ಈಗ ಪ್ರತಿ ಅಂಗಡಿಯ ತಕ್ಕಡಿಯೂ ತನ್ನ ತಪ್ಪು ಒಪ್ಪುಗಳನ್ನು ತಾನೇ ಮೇಲಿನ ಕಚೇರಿಗೆ ಕಳಿಸುತ್ತದೆ, ಇನ್‌ಸ್ಪೆಕ್ಟರನ ಹಂಗಿಲ್ಲ. ನಮ್ಮ ಕಾಲದಲ್ಲಿ ಹಿತ್ತಾಳೆಯ ಸರಕಾರಿ ಬಟ್ಟುಗಳನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಸಂತೆಯಿಂದ ಸಂತೆಗೆ ತಿರುಗುತ್ತಿದ್ದೆವು. ಬಟ್ಟು ಎಂದರೆ ತಕ್ಕಡಿಗೆ ಹಾಕುವ ತೂಕದ ಕಲ್ಲು. ವ್ಯಾಪಾರಿಗಳು ನನ್ನನ್ನೂ ಹಿಂದಿನಿಂದ ಕಲ್ಲು ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ನನ್ನ ಹೆಂಡತಿ ಶಾಂತವ್ವ ಎದುರಿಗೇ ಕರೆಯುತ್ತಾಳೆ.

ಧರಿತ್ರಿಗೆ ಆರು ವರ್ಷ. ಮೂರನೇ ವರ್ಷಕ್ಕೇ ಸಾಬೂನಿನ ಪೊಟ್ಟಣ ನೋಡಿ ಓದಲು ಕಲಿತವಳು. ಊರಿನ ಎಲ್ಲ ಬಸ್ಸುಗಳ ನಂಬರು, ಅವು ಹೊರಡುವ ಹೊತ್ತು ಬಾಯಿಪಾಠ. ಆದರೆ ರೊಟ್ಟಿಗೆ ಪಲ್ಯ ತಾಗಿದರೆ ಆ ರೊಟ್ಟಿಯನ್ನು ಮುಟ್ಟುವುದಿಲ್ಲ. ಅಂಗಿಯ ಕೊರಳಿನ ಚೀಟಿ ಕತ್ತರಿಸದೆ ತೊಡಿಸಿದರೆ ಕಿತ್ತೆಸೆಯುತ್ತಾಳೆ. ಶಾಲೆಯಲ್ಲಿ ಮಧ್ಯಾಹ್ನದವರೆಗೆ ಬೇರೆ ಹುಡುಗಿಯರು ನಕ್ಕಾಗ ನಗುತ್ತಾಳೆ, ಅವರು ಕೈ ತಟ್ಟಿದಾಗ ತಟ್ಟುತ್ತಾಳೆ. ಮನೆಗೆ ಬಂದವಳೇ ಚೀಲ ಒಗೆದು, ಮಂಚದ ಕೆಳಗೆ ಸೇರಿ ಒಂದೊಂದು ತಾಸು ಅಳುತ್ತಾಳೆ. ಶಾಲೆಯಲ್ಲಿ ಗಂಟೆ ಹೊಡೆದರೆ ಡೆಸ್ಕಿನ ಕೆಳಗೆ ಕೂತು ಕಿವಿ ಮುಚ್ಚಿಕೊಳ್ಳುತ್ತಾಳೆ. ಎಳೆದರೆ ಕಚ್ಚುತ್ತಾಳೆ.

ಇದು ಅವಳ ಮೂರನೇ ಶಾಲೆ. ಹೆಡ್‌ಮಿಸ್ ಖಡಾಖಂಡಿತವಾಗಿ ಹೇಳಿದ್ದರು: ಆಟಿಸಂ ಇದೆ ಎಂಬ ಕಾಗದ ತಂದರೆ ಕಾಯಿದೆಯ ಪ್ರಕಾರ ಕೂರುವ ಜಾಗ ಬದಲಿಸುತ್ತೇವೆ, ಕಿವಿಗೆ ಮುಚ್ಚಿಗೆ ಹಾಕಲು ಬಿಡುತ್ತೇವೆ, ಸಹಾಯಕ್ಕೆ ಒಬ್ಬ ಟೀಚರನ್ನು ಕೊಡುತ್ತೇವೆ. ಕಾಗದವಿಲ್ಲದಿದ್ದರೆ ಅವಳು ಶಿಸ್ತಿಲ್ಲದ ಹುಡುಗಿ, ಕರೆದುಕೊಂಡು ಹೋಗಿ. ಆ ಕಾಗದಕ್ಕಾಗಿಯೇ ನಾವು ಕೆಲಗೇರಿ ಕೆರೆಯ ಕಡೆಗಿರುವ ಮಕ್ಕಳ ಬೆಳವಣಿಗೆ ಕೇಂದ್ರಕ್ಕೆ ಹೋದದ್ದು.

ಅಲ್ಲಿನ ಯಂತ್ರಕ್ಕೆ ಜೋಡಿಯಂತ್ರ ಎನ್ನುತ್ತಾರೆ. ಮಗುವಿಗೆ ಒಂದು, ಜೊತೆಗಾರನಿಗೆ ಒಂದು ಮೆತ್ತನೆಯ ಟೊಪ್ಪಿಗೆ ಹಾಕಿ, ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಇಪ್ಪತ್ತೆರಡು ನಿಮಿಷ ಒಂದೇ ಸದ್ದು, ಒಂದೇ ಬೆಳಕು, ಒಂದೇ ಮುಖಗಳು ಇಬ್ಬರಿಗೂ. ಯಂತ್ರ ಇಬ್ಬರ ಮಿದುಳನ್ನೂ ಓದಿ, ಒಬ್ಬರಿಗಿಂತ ಒಬ್ಬರು ಎಷ್ಟು ಬೇರೆ ಎಂದು ಅಳೆಯುತ್ತದೆ. ಆ ವ್ಯತ್ಯಾಸವೇ ಅಂಕ.

ಮನೆಯವರೇ ಯಾಕೆ ಎಂದು ನಾನು ಮೊದಲ ದಿನವೇ ಕೇಳಿದ್ದೆ. ಡಾಕ್ಟರ್ ನಸೀಮಾ ಮುಲ್ಲಾ ಬೇಸರವಿಲ್ಲದೆ ತಿಳಿಸಿ ಹೇಳಿದರು.

"ಅಜ್ಜಾರ, ಮೊದಲಿನ ಮಷೀನು ಪರದೇಶದ ಮಕ್ಕಳನ್ನ ನೋಡಿ ಕಲ್ತಿದ್ವು. ನಮ್ಮ ಕಡೆ ಹುಡುಗರು ದೊಡ್ಡವರ ಮುಂದ ಕಣ್ಣೆತ್ತಿ ನೋಡಂಗಿಲ್ಲ ನೋಡ್ರಿ, ಅವು ಅದನ್ನೂ ಆಟಿಸಂ ಅಂತ ಬರೀತಿದ್ವು. ಅದಕ್ಕ ಈಗ ಮನಿಯವರನ್ನ ಕೂಡಸ್ತೀವಿ. ಒಂದ ಮನಿ, ಒಂದ ಮಾತು, ಒಂದ ಗದ್ದಲ. ಹೋಲಿಕಿ ಸರಿ ಬರ್ತದ."

ಜೊತೆಗಾರ ರಕ್ತಸಂಬಂಧಿಯಾಗಿರಬೇಕು, ಎರಡು ವರ್ಷವಾದರೂ ಮಗುವಿನ ಜೊತೆ ಒಂದೇ ಮನೆಯಲ್ಲಿ ಇದ್ದಿರಬೇಕು. ಬಸುರಿಯರಿಗೆ ಆ ಟೊಪ್ಪಿಗೆ ಹಾಕುವುದಿಲ್ಲ. ಅಳಿಯ ವೀರೇಶ ಕಾರವಾರದ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ, ತಿಂಗಳಿಗೆ ಎರಡು ದಿನ ಮನೆಗೆ ಬಂದರೆ ಹೆಚ್ಚು. ಉಳಿದವರು ನಾನು ಮತ್ತು ಶಾಂತವ್ವ. ಶಾಂತವ್ವ ಕಡ್ಡಿ ಮುರಿದಂತೆ ಹೇಳಿಬಿಟ್ಟಳು.

"ನನ್ನ ಮೊಮ್ಮಗಳಿಗೆ ಹುಚ್ಚಿ ಅಂತ ಬರಸಾಕ ನಾ ಬರಂಗಿಲ್ಲ."

ಹಾಗಾಗಿ ನಾನು ಕಿವಿಯ ಹತ್ತಿ ತೆಗೆದಿಟ್ಟು ಹೋಗಿ ಕೂತೆ. ಕುಕ್ಕರ್ ಸೀಟಿ ಹೊಡೆಯಿತು, ತರಕಾರಿ ಗಾಡಿಯವನ ಮೈಕು ಕೂಗಿತು, ಪರದೆಯ ಮೇಲೆ ಮುಖಗಳು ಬಂದು ನಕ್ಕವು, ಅತ್ತವು. ಉಣ್ಣೆಯ ಪಟ್ಟಿಯೊಂದು ಮೊಳಕೈಯನ್ನು ಸವರುತ್ತಲೇ ಇತ್ತು. ನನಗೆ ವಾಕರಿಕೆ ಬಂತು. ಪರೀಕ್ಷೆ ಎಂದ ಮೇಲೆ ಕಷ್ಟ ಇರಲೇಬೇಕು ಎಂದು ಹಲ್ಲು ಕಚ್ಚಿ ಕೂತೆ. ಪಕ್ಕದಲ್ಲಿ ಧರಿತ್ರಿಯೂ ಹಾಗೆಯೇ ಕೂತಿದ್ದಳು. ಬಂದ ಅಂಕ ಹನ್ನೊಂದು.

ಮನೆಗೆ ಬಂದಾಗ ಶಾಂತವ್ವ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಕೇಳಿ ಮುಖ ಅರಳಿತು.

"ನಾ ಹೇಳಿದ್ದಿಲ್ಲೇನು? ಏನ್ ಧಾಡಿ ಆಗೇತಿ ಅಕಿಗೆ? ಅಜ್ಜನ ಹಠ ಬಂದೈತಿ, ಅಷ್ಟ. ಇನ್ನ ಆ ಮೊಬೈಲು ಕೈಗೆ ಕೊಡೂದು ಬಿಡು ಅಕ್ಷತಾ, ತಾನ ಸರಿ ಹೋಗ್ತಾಳ."

ಅಂದಿನಿಂದ ಅಕ್ಷತಾ ಮಗಳನ್ನು ಗದರಿಸಲು ಕಲಿತಳು. ಪಲ್ಯ ತಾಗಿದ ರೊಟ್ಟಿಯನ್ನೇ ತಿನ್ನು ಎಂದು ಎದುರಿಗೆ ಕೂತು ಹಟ ಮಾಡಿದಳು. ಧರಿತ್ರಿ ಒಂದೂವರೆ ದಿನ ಏನೂ ತಿನ್ನಲಿಲ್ಲ. ಅಕ್ಷತಾ ಕೈ ಎತ್ತಿದಳು, ಆಮೇಲೆ ಅಡುಗೆಮನೆಗೆ ಹೋಗಿ ತಾನೇ ಅತ್ತಳು. ದಸರಾ ರಜೆ ಮುಗಿದು ಶಾಲೆ ತೆರೆದ ಮೂರನೇ ದಿನ, ಡೆಸ್ಕಿನ ಕೆಳಗಿನಿಂದ ಎಳೆದ ಟೀಚರಿನ ಕೈಗೆ ಧರಿತ್ರಿ ರಕ್ತ ಬರುವಂತೆ ಕಚ್ಚಿದಳು. ಹೆಡ್‌ಮಿಸ್ ಫೋನು ಮಾಡಿ, ಸೋಮವಾರ ಬಂದು ಟಿ.ಸಿ. ತೆಗೆದುಕೊಂಡು ಹೋಗಿ ಎಂದರು. ಅಂದು ಬುಧವಾರ.

ಗುರುವಾರ ಬೆಳಿಗ್ಗೆ ನಾನು ಕೇಂದ್ರದವರು ಕೊಟ್ಟ ಕಾಗದಗಳನ್ನು ಬಿಚ್ಚಿಕೊಂಡು ಕೂತೆ. ಯಾವ ಅಳತೆಯೇ ಆಗಲಿ, ಅಂಕಕ್ಕಿಂತ ಅದು ಬಂದ ದಾರಿಯನ್ನು ನೋಡುವುದು ನನ್ನ ಹಳೆಯ ಚಟ. ಕಾಗದದಲ್ಲಿ ಎರಡು ಗೆರೆಗಳಿದ್ದವು. ಕೆಂಪು ಗೆರೆ ಧರಿತ್ರಿಯದು, ನೀಲಿ ಗೆರೆ ನನ್ನದು. ಪ್ರತಿ ಸದ್ದಿಗೂ ಗೆರೆ ಎದ್ದು ಇಳಿಯುತ್ತದೆ. ಕುಕ್ಕರ್ ಸೀಟಿ ಹತ್ತು ಸಲ ಹೊಡೆದಿತ್ತು. ಹತ್ತು ಸಲವೂ ಎರಡೂ ಗೆರೆಗಳು ಒಂದೇ ಎತ್ತರಕ್ಕೆ ಎದ್ದಿದ್ದವು, ಒಂದರ ಮೇಲೊಂದು ಇಟ್ಟ ಎರಡು ರೊಟ್ಟಿಗಳ ಹಾಗೆ. ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ವಿವರಣೆ ಇತ್ತು. ಒಂದೇ ಸದ್ದು ಮತ್ತೆ ಮತ್ತೆ ಬಂದರೆ ಸಾಮಾನ್ಯವಾಗಿ ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ, ನಾಲ್ಕೈದು ಸಲದ ನಂತರ ಗೆರೆ ತಗ್ಗುತ್ತದೆ ಎಂದು ಬರೆದಿದ್ದರು.

ನನ್ನ ಗೆರೆ ತಗ್ಗಿರಲಿಲ್ಲ.

ಆಗ ನನಗೊಬ್ಬ ಬೆಲ್ಲದ ವ್ಯಾಪಾರಿ ನೆನಪಾದ. ಹೊಸದಾಗಿ ಸೇರಿದ ನಮ್ಮ ಹುಡುಗ ಇನ್‌ಸ್ಪೆಕ್ಟರನೊಬ್ಬ, ಸರಕಾರಿ ಪೆಟ್ಟಿಗೆ ಹೊರುವ ಬೇಸರಕ್ಕೆ, ಆ ಅಂಗಡಿಯ ತಕ್ಕಡಿಯನ್ನು ಅಂಗಡಿಯ ಬಟ್ಟಿನಿಂದಲೇ ಪರೀಕ್ಷಿಸಿ ಸರಿಯಿದೆ ಎಂದು ಮುದ್ರೆ ಒತ್ತಿ ಬಂದಿದ್ದ. ತಕ್ಕಡಿ ಐದು ಕಿಲೋಗೆ ನೂರು ಗ್ರಾಂ ಬೇರೆ ತೋರಿಸುತ್ತಿತ್ತು. ಬಟ್ಟೂ ಅಷ್ಟೇ ಬೇರೆಯಿತ್ತು. ಎರಡನ್ನೂ ಒಂದಕ್ಕೊಂದು ಹಿಡಿದಾಗ ಕೂದಲೆಳೆಯ ವ್ಯತ್ಯಾಸ ಬರಲಿಲ್ಲ. ಮನೆಯ ತಕ್ಕಡಿಯನ್ನು ಮನೆಯ ಬಟ್ಟಿನಿಂದ ನೋಡಬಾರದು ಎಂಬುದು ನಮ್ಮ ಇಲಾಖೆಯ ಮೊದಲ ಪಾಠ.

ಎದ್ದು ಅಡುಗೆಮನೆಗೆ ಹೋದೆ. ಶಾಂತವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಒಲೆಯ ಮೇಲೆ ಬೇಳೆ ಬೇಯುತ್ತಿತ್ತು.

"ಈಗ ಕುಕ್ಕರ್ ಎಷ್ಟನೇ ಸೀಟಿ ಹೊಡೀತು?" ಎಂದು ಕೇಳಿದೆ.

"ಯಾವ ಸೀಟಿ?"

"ಈಗ ಹೊಡೀತಲ್ಲ."

"ಹೊಡದಿರಬೇಕು. ನಾ ಎಲ್ಲಿ ಕೇಳಿದೆ? ರೊಟ್ಟಿ ಬಡ್ಯಾಕತ್ತೀನಿ."

ಅವಳು ಕುಕ್ಕರಿನಿಂದ ಎರಡು ಮೊಳ ದೂರದಲ್ಲಿದ್ದಳು. ನಾನು ಪಡಸಾಲೆಯಲ್ಲಿ ಕೂತು ಆ ಸೀಟಿಗೆ ಕುರ್ಚಿಯ ಕೈ ಹಿಡಿದುಕೊಂಡಿದ್ದೆ. ಅವಳು ನಿಜವಾಗಿಯೂ ಕೇಳಿಸಿಕೊಂಡಿರಲಿಲ್ಲ.

ಒಬ್ಬರ ಸಾಕ್ಷಿ ಸಾಲದು. ಹಾಳೆಯ ಮೇಲೆ ಗೆರೆ ಎಳೆದು ಪಟ್ಟಿ ಮಾಡಿಕೊಂಡು ಓಣಿಗೆ ಇಳಿದೆ. ಟ್ಯೂಬ್‌ಲೈಟಿನ ಗುಂಯ್ ಸದ್ದು ನಿಮಗೆ ಕೇಳುತ್ತದೆಯೇ? ಅಂಗಿಯ ಚೀಟಿ ಇಡೀ ದಿನ ಚುಚ್ಚುತ್ತದೆಯೇ? ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ನಾಲ್ವರದೂ ಒಂದೇ ಸಮ ಜೋರಾಗಿ ಕೇಳುತ್ತದೆಯೇ? ಏಳು ಜನರನ್ನು ಕೇಳಿದೆ, ಏಳೂ ಜನ ಇಲ್ಲ ಎಂದರು. ಇಸ್ತ್ರಿ ಅಂಗಡಿಯ ಮಾಬುಸಾಬ ಪೆಟ್ಟಿಗೆ ಕೆಳಗಿಟ್ಟು ನನ್ನನ್ನೇ ನೋಡಿದ.

"ಸಾಹೇಬ್ರ, ಆರಾಮ ಅದೀರಿಲ್ಲ?"

ಆರಾಮ ಇದ್ದೇನೆಯೇ ಎಂಬುದು ನನಗೂ ತಿಳಿಯಲಿಲ್ಲ. ಓಣಿಯ ಮೂಲೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅರವತ್ತೇಳು ವರ್ಷ ನಾನು ಒಂದೇ ಮಾತು ನಂಬಿ ಬದುಕಿದ್ದೆ. ಈ ಸದ್ದು, ಈ ಚುಚ್ಚು, ಈ ನೂಕುನುಗ್ಗಲು ಎಲ್ಲರಿಗೂ ಹೀಗೆಯೇ ಆಗುತ್ತದೆ, ಅವರೆಲ್ಲ ಗಟ್ಟಿಗರು, ತಡೆದುಕೊಂಡು ನಗುತ್ತಾರೆ, ನಾನೊಬ್ಬ ಹೇಡಿ ಎಂದು. ಈಗ ನೋಡಿದರೆ ಅವರು ಏನನ್ನೂ ತಡೆದುಕೊಳ್ಳುತ್ತಿರಲಿಲ್ಲ. ಅವರಿಗೆ ತಡೆದುಕೊಳ್ಳುವಂಥದ್ದೇ ಏನೂ ಇರಲಿಲ್ಲ. ಎದೆಯೊಳಗೆ ಏನೋ ಸಡಿಲಾಗಿ ಕಣ್ಣಲ್ಲಿ ನೀರು ಬಂತು. ದುಃಖವಲ್ಲ, ಹಗುರವಾದ ಹಾಗಿತ್ತು. ಆಮೇಲೆ ಮಂಚದ ಕೆಳಗಿನ ಧರಿತ್ರಿ ನೆನಪಾಗಿ ದಡಬಡಿಸಿ ಎದ್ದೆ.

ಮಧ್ಯಾಹ್ನವೇ ಕೇಂದ್ರಕ್ಕೆ ಹೋದೆ. ಡಾಕ್ಟರ್ ನಸೀಮಾ ಊಟದ ಡಬ್ಬಿ ತೆರೆದಿದ್ದರು.

"ನಿಮ್ಮ ತಕ್ಕಡಿ ಸರಿ ಐತ್ರಿ, ಬಟ್ಟು ಸರಿಯಿಲ್ಲ," ಎಂದೆ.

"ಯಾವ ಬಟ್ಟು ಅಜ್ಜಾರ?"

"ನಾನರೀ."

ಎರಡು ಗೆರೆಗಳನ್ನೂ, ಏಳು ಜನರ ಪಟ್ಟಿಯನ್ನೂ ಅವರ ಮುಂದಿಟ್ಟೆ. ಅವರು ಡಬ್ಬಿ ಮುಚ್ಚಿ, ಪರದೆಯ ಮೇಲೆ ನನ್ನ ಹಳೆಯ ಅರ್ಜಿ ತೆರೆದರು. ಜೊತೆಗಾರನಾಗಿ ಕೂರುವವರು ತುಂಬಿಕೊಡಬೇಕಾದ ಅರ್ಜಿ ಅದು.

"ಸದ್ದುಗಳಿಂದ ತೊಂದರೆ ಆಗುತ್ತದೆಯೇ ಅಂತ ಕೇಳೇವಿ. ಇಲ್ಲ ಅಂತ ಬರದೀರಲ್ಲರಿ?"

"ಕಿವ್ಯಾಗ ಹತ್ತಿ ಇಟ್ಕೊಂಡ್ರ ಆಗಂಗಿಲ್ಲರಿ."

"ಹತ್ತಿ ಯಾವಾಗ ಇಟ್ಕೋತೀರಿ?"

"ಎದ್ದಾಗಿಂದ ಮಲಗೂತನ."

ಅವರು ಮುಂದೆ ಓದಿದರು. "ಜನರ ಜೊತೆ ಬೆರೆಯಲು ಕಷ್ಟವೇ? ಅದಕ್ಕೂ ಇಲ್ಲ ಅಂದೀರಿ."

"ನಾ ಬೆರ್ಯಾಂಗ ಇಲ್ಲರಿ. ಕಷ್ಟ ಎಲ್ಲಿಂದ ಬರ್ತೈತಿ?"

"ದಿನದ ಕ್ರಮ ಬದಲಾದರೆ ಸಿಟ್ಟು ಬರುತ್ತದೆಯೇ?"

"ಬದಲಾಗಾಕ ಬಿಟ್ರ ಅಲ್ಲೇನ್ರಿ ಸಿಟ್ಟು ಬರೂದು?"

ಡಾಕ್ಟರ್ ನಗು ತಡೆಯಲು ಕೈ ಅಡ್ಡ ಹಿಡಿದರು. ನಾನು ನಗುವಂಥದ್ದೇನೂ ಹೇಳಿರಲಿಲ್ಲ, ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟಿದ್ದೆ. ಮರುಕ್ಷಣ ಅವರ ಮುಖ ಬಾಡಿತು.

"ಇದು ರಕ್ತದೊಳಗ ಬರೂದು ಭಾಳ ಅದ ಅಂತ ನಮಗ ಗೊತ್ತಿತ್ತು ಅಜ್ಜಾರ. ಗೊತ್ತಿದ್ದೂ ರಕ್ತಸಂಬಂಧಿಕರನ್ನ ಕೂಡಿಸಿ ಹೋಲಿಕಿ ಮಾಡಿದ್ವಿ, ಒಂದು ಅರ್ಜಿ ನಂಬ್ಕೊಂಡು. ಎಷ್ಟು ಮಕ್ಕಳನ್ನ ನಾ ಹಿಂಗ ಮನಿಗೆ ಕಳಸೀನೋ ಏನೋ. ಎಲ್ಲಾರನ್ನೂ ತಿರಗಿ ಕರಸಬೇಕು." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮೊದಲ ಧರಿತ್ರಿದು ಮಾಡೂಣು. ನಿಮ್ಮನ್ನ ಬಿಟ್ರ ಮನ್ಯಾಗ ಮತ್ತ್ಯಾರು ಅದಾರ?"

ಮನೆಯಲ್ಲಿ ಇದ್ದವಳು ಶಾಂತವ್ವ ಒಬ್ಬಳೇ. ಶನಿವಾರ ಮಧ್ಯಾಹ್ನದ ಹೊತ್ತು ಗೊತ್ತು ಮಾಡಿಕೊಂಡು ಮನೆಗೆ ಬಂದೆ. ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವಳು ಹೆಸರುಕಾಳು ಆರಿಸುತ್ತ ಕೇಳಿದಳು.

"ಅಂದ್ರ ಈಗ ನಿಮಗೂ ಐತಂತ? ಅರವತ್ತಕ್ಕ ಅರಳು ಮರಳು ಅಂತಾರಲ್ಲ, ಖರೇ ಐತಿ. ಮೊಮ್ಮಗಳ ಮ್ಯಾಲಿನ ಮಮತಾಕ್ಕ ನೀವೂ ಒಂದು ಚೀಟಿ ಬರಸ್ಕೊಳ್ಳಾಕ ಹೊಂಟ್ರಿ."

"ಮಮತಾ ಅಲ್ಲ. ಅಳತಿ."

"ನಾ ಬರಂಗಿಲ್ಲ."

ಸಾಕ್ಷಿಯಾಗಿ ನನ್ನ ಹತ್ತಿರ ಉಳಿದದ್ದು ಒಂದೇ ಒಂದಿತ್ತು. ಹತ್ತೊಂಬತ್ತು ವರ್ಷ ನಮ್ಮಿಬ್ಬರಲ್ಲಿ ಯಾರೂ ಅದನ್ನು ಬಾಯಿಗೆ ತಂದಿರಲಿಲ್ಲ.

"ನಿಮ್ಮವ್ವ ತೀರಕೊಂಡಾಗ ನಾ ಒಳಗ ಬರಲಿಲ್ಲ," ಎಂದೆ.

ಕಾಳಿನ ಮೇಲೆ ಅವಳ ಬೆರಳು ನಿಂತಿತು. "ಅದನ್ನ ಈಗ ಯಾಕ ತಗೀತೀರಿ?"

"ಒಳಗ ನಲವತ್ತು ಹೆಣ್ಮಕ್ಕಳು ಅಳಾಕತ್ತಿದ್ರು. ನನಗ ಒಬ್ಬೊಬ್ಬರದೂ ಬ್ಯಾರೆ ಬ್ಯಾರೆ ಕೇಳತಿತ್ತು. ನಿಂದೂ ಕೇಳತಿತ್ತು. ಹೊಸ್ತಿಲ ತನಕ ಮೂರು ಸಲ ಬಂದೆ, ಕಾಲು ಮುಂದ ಹೋಗಲಿಲ್ಲ. ಹೊರಗ ನಿಮ್ಮವ್ವನ ಚಪ್ಪಲಿ ಇದ್ವು. ಮಣ್ಣಿಗೆ ಒಯ್ಯೂತನ ಅವುಗಳ ಬಾಜೂಕ ಕುಂತಿದ್ದೆ."

"ನಾ ತಿಳಕೊಂಡಿದ್ದೆ..." ಎಂದು ಶುರು ಮಾಡಿ ಅವಳು ನಿಲ್ಲಿಸಿದಳು. ಬಹಳ ಹೊತ್ತು ಮೊರದ ಮೇಲಿನ ಕಾಳನ್ನು ಆ ಕಡೆ ಈ ಕಡೆ ಸರಿಸಿದಳು. ಆಮೇಲೆ ಮೊರ ಕೆಳಗಿಟ್ಟಳು.

"ನೀವು ಸುಳ್ಳು ಹೇಳಂಗಿಲ್ಲ. ನಿಮ್ಮೊಳಗ ಇರೂದು ಅದೊಂದ ಗುಣ. ಬರ್ತೀನಿ ನಡೀರಿ. ಆದ್ರ ಮಷೀನು ಇಲ್ಲಂದ್ರ ಮತ್ತ ಈ ಮಾತು ಮನ್ಯಾಗ ತಗೀಬಾರದು."

ಶನಿವಾರ ನಾನು ಮತ್ತು ಅಕ್ಷತಾ ಗಾಜಿನ ಈಚೆ, ಯಂತ್ರ ನಡೆಸುವ ಕೋಣೆಯಲ್ಲಿ ಡಾಕ್ಟರ್ ಪಕ್ಕಕ್ಕೆ ಕೂತೆವು. ಗಾಜಿನ ಆಚೆ ಧರಿತ್ರಿ ಮತ್ತು ಶಾಂತವ್ವ. ಶಾಂತವ್ವ ಟೊಪ್ಪಿಗೆಯ ಮೇಲೆ ಸೆರಗು ಹೊದ್ದು, ಯಾರದೋ ಮನೆಗೆ ಮಾತಾಡಿಸಲು ಬಂದವಳ ಹಾಗೆ ಕೂತಿದ್ದಳು. ಪರದೆಯ ಮೇಲೆ ಕೆಂಪು ಗೆರೆ ಧರಿತ್ರಿಯದು, ಈ ಸಲ ಹಳದಿ ಗೆರೆ ಶಾಂತವ್ವನದು.

ಮೊದಲ ಸೀಟಿಗೆ ಎರಡೂ ಗೆರೆಗಳು ಎದ್ದವು. ಎರಡನೆಯದಕ್ಕೂ ಎದ್ದವು. ಅಕ್ಷತಾ ನನ್ನ ತೋಳು ಹಿಡಿದುಕೊಂಡಳು. ಮೂರನೆಯದಕ್ಕೆ ಹಳದಿ ಅರ್ಧಕ್ಕೆ ಇಳಿಯಿತು, ಐದನೆಯದಕ್ಕೆ ನೆಲ ಹಿಡಿಯಿತು. ಕೆಂಪು ಗೆರೆ ಹತ್ತನೆಯದಕ್ಕೂ ಮೊದಲಿನಷ್ಟೇ ಎತ್ತರಕ್ಕೆ ಹಾರಿತು. ಪರದೆಯ ಮೇಲೆ ಮುಖಗಳು ಬಂದಾಗ ಹಳದಿ ಗೆರೆ ಕುಣಿದಾಡಿತು, ಕೆಂಪು ಗೆರೆ ಮುಖಗಳ ಹಿಂದಿನ ಕಿಟಕಿಯ ಸರಳುಗಳಿಗೆ ಕುಣಿಯಿತು. ಹದಿನೇಳನೇ ನಿಮಿಷಕ್ಕೆ ಶಾಂತವ್ವ ಆಕಳಿಸಿದಳು. ಆ ಕೋಣೆಯಲ್ಲಿ ಆಕಳಿಕೆ ಬರಬಹುದು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅಂಕ ಅರವತ್ತಮೂರು.

ಅಕ್ಷತಾ ಮತ್ತೆ ಅತ್ತಳು. ಈ ಸಲ ಉಸಿರು ಸಿಕ್ಕಿಕೊಳ್ಳಲಿಲ್ಲ. ಡಾಕ್ಟರ್ ನಸೀಮಾ ಅವಳ ಕೈ ಹಿಡಿದರು.

"ಬರೇ ಈ ಅಂಕ ನೋಡಿ ನಾ ಬರಿಯಂಗಿಲ್ಲವ್ವ. ಮೂರು ದಿನ ನಾನ ಕುಂತು ಅಕಿ ಆಡೂದು, ಮಾತಾಡೂದು ನೋಡೀನಿ, ನೀ ಹೇಳಿದ್ದೆಲ್ಲ ಬರ್ಕೊಂಡೀನಿ. ಅಂಕದ ಸಲುವಾಗಿ ಅದನ್ನ ಬದಿಗಿಟ್ಟಿದ್ದೆ, ಅದು ನನ್ನ ತಪ್ಪು. ಇದು ಆಟಿಸಂ. ನೀ ಮೊಬೈಲ್ ಕೊಟ್ಟಿದ್ದಕ್ಕ ಬಂದಿದ್ದಲ್ಲ, ಬೆಳಸಿದ್ದಕ್ಕ ಬಂದಿದ್ದಲ್ಲ, ಬಸುರಿದ್ದಾಗ ಏನೋ ತಿಂದಿದ್ದಕ್ಕ ಬಂದಿದ್ದಲ್ಲ. ಅಕಿ ಮಿದುಳು ಕಟ್ಟಿರೂದ ಹಂಗ. ಬದಲಾಗಬೇಕಾದ್ದು ಅಕಿ ಅಲ್ಲ, ಅಕಿ ಕೂಡೂ ಜಾಗ."

"ಹಂಗಾರ ನಾ ಏನೂ ತಪ್ಪು ಮಾಡಿಲ್ಲರಿ?" ಎಂದು ಅಕ್ಷತಾ ಕೇಳಿದಳು.

"ಪಲ್ಯ ತಾಗಿದ ರೊಟ್ಟಿ ತಿನಸಾಕ ಹೋಗಿದ್ದು ಒಂದು ಬಿಟ್ರ ಏನಿಲ್ಲ," ಎಂದು ನಾನು ಹೇಳಿದೆ. ಅಕ್ಷತಾ ಅಳುತ್ತಲೇ ನಕ್ಕಳು. ಯಾಕೆಂದು ತಿಳಿಯದಿದ್ದರೂ ನನಗೆ ಸಂತೋಷವಾಯಿತು.

ಡಾಕ್ಟರ್ ಅಲ್ಲೇ ಕಾಗದ ಬರೆದು ಮುದ್ರೆ ಒತ್ತಿದರು. ಗಂಟೆಯಿಂದ ದೂರದ ಗೋಡೆ ಪಕ್ಕದ ಜಾಗ. ಕಿವಿಗೆ ಮುಚ್ಚಿಗೆ. ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಲೇಬೇಕೆಂಬ ಒತ್ತಾಯವಿಲ್ಲ. ಬೇಕೆನಿಸಿದಾಗ ಹೊರಗೆ ಹೋಗಿ ಐದು ನಿಮಿಷ ಒಬ್ಬಳೇ ಇರಬಹುದು. ಮುಟ್ಟುವ ಮೊದಲು ಹೇಳಬೇಕು, ಎಳೆಯುವಂತಿಲ್ಲ. ನಾನು ಪ್ರತಿ ಸಾಲನ್ನೂ ಓದಿ, ತಾರೀಖು ಸರಿಯಿದೆಯೇ ನೋಡಿ, ಮಡಚಿ ಕಿಸೆಯಲ್ಲಿಟ್ಟುಕೊಂಡೆ. ಹಾಗೆ ಓದುತ್ತಿದ್ದರೆ, ನಾನು ಆರು ವರ್ಷದವನಿದ್ದಾಗ ಯಾರಾದರೂ ಇದನ್ನು ನನಗೂ ಬರೆದುಕೊಟ್ಟಿದ್ದರೆ ಎನಿಸಿತು.

ಅಷ್ಟರಲ್ಲಿ ಧರಿತ್ರಿ ಒಳಗಿನಿಂದ ಬಂದು ಪರದೆಯ ಮುಂದೆ ನಿಂತಿದ್ದಳು.

"ಅಜ್ಜಾ, ಕೆಂಪಂದು ನಂದು. ಹಳದಿ ಯಾರ್ದು?"

"ಆಯಿದು."

"ಅದು ಯಾಕ ಮಲಗೇತಿ?"

"ಆಯಿಗೆ ಮತ್ತ ಮತ್ತ ಬರೋ ಸದ್ದು ಕೇಳಸಂಗಿಲ್ಲವ್ವ."

ಧರಿತ್ರಿ ಹಳದಿ ಗೆರೆಯ ಮೇಲೆ ಬೆರಳಾಡಿಸಿದಳು. "ಪಾಪ ಆಯಿ," ಎಂದಳು.

ನಾನು ಡಾಕ್ಟರನ್ನು ಕೇಳಿದೆ. "ನಂದು ಎಷ್ಟರಿ? ಶಾಂತವ್ವನ ಗೆರಿಗೆ ಹಿಡದ್ರ?"

ಅವರು ಹಳೆಯ ನೀಲಿ ಗೆರೆಯನ್ನು ಹಳದಿಯ ಪಕ್ಕಕ್ಕೆ ತಂದರು. "ಐವತ್ತೆಂಟು. ದೊಡ್ಡವರಿಗೆ ಅಂಕದ ಮ್ಯಾಲೆ ಹೇಳಬಾರದು, ನಿಮ್ಮ ಸಣ್ಣಂದಿನ ಮಾತು ಕೇಳಾಕ ಇನ್ನ ಎರಡು ಸಲ ಕುಂತು ಮಾತಾಡಬೇಕು. ಆದ್ರ ಅಜ್ಜಾರ, ನನಗೇನು ಸಂಶಯ ಇಲ್ಲ."

ಐವತ್ತೆಂಟು. ಧರಿತ್ರಿಗಿಂತ ಐದು ಕಡಿಮೆ. ಸ್ವಲ್ಪ ನಿರಾಶೆಯಾಯಿತು ಎಂದರೆ ಸುಳ್ಳಲ್ಲ.

ಶಾಂತವ್ವ ಟೊಪ್ಪಿಗೆ ತೆಗೆಸಿಕೊಂಡು ಬಂದು ಬಾಗಿಲ ಬಳಿ ನಿಂತಿದ್ದಳು. ಅಂಕ ಅವಳಿಗೂ ತಿಳಿದಿತ್ತು. ಮುಖ ಗಟ್ಟಿಯಾಗಿಯೇ ಇತ್ತು.

"ಗೆರಿ ಎತ್ತರ ಹೋತು, ಕೆಳಗ ಬಂತು, ಅದರಾಗ ನನಗೇನ್ ತಿಳಿಬೇಕು," ಎಂದಳು. "ನನ್ನ ಕೂಸಿಗೆ ಆಗೂದು ಏನು, ಅದನ್ನ ಹೇಳ್ರಿ."

ಡಾಕ್ಟರ್ ಒಂದು ಹೆಡ್‌ಫೋನು ತಂದು ಅವಳ ಕೈಗಿತ್ತರು. ಗೆರೆಗಳನ್ನು ತಿರುಗಿ ಸದ್ದು ಮಾಡಿ ಕೇಳಿಸುವ ಯಂತ್ರ ಅದು. ಯಾರ ಮಿದುಳು ಯಾವ ಸದ್ದನ್ನು ಎಷ್ಟು ದೊಡ್ಡದಾಗಿ ತೆಗೆದುಕೊಂಡಿತೋ ಅಷ್ಟೇ ದೊಡ್ಡದಾಗಿ ನುಡಿಸುತ್ತದೆ.

"ಇದು ಧರಿತ್ರಿದು, ಆಮ್ಯಾಲೆ ಅಜ್ಜಾರ್ದು. ಒಂದೊಂದು ನಿಮಿಷ ಅದ ಅವ್ವಾರ. ಸಾಕನಿಸಿದ್ರ ತಗದುಬಿಡ್ರಿ."

ಶಾಂತವ್ವ ಅದನ್ನು ಕಿವಿಗೆ ಹಾಕಿಕೊಂಡಳು. ಹೊರಗೆ ಏನೂ ಕೇಳುತ್ತಿರಲಿಲ್ಲ, ಅವಳ ಮುಖ ಮಾತ್ರ ಕಾಣುತ್ತಿತ್ತು. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ಹೆಗಲು ಕುಗ್ಗಿತು. ಕೈ ತಾನಾಗಿಯೇ ಮೇಲೆದ್ದು ಕಿವಿಯನ್ನು ಒತ್ತಿ ಹಿಡಿಯಿತು, ಧರಿತ್ರಿ ಡೆಸ್ಕಿನ ಕೆಳಗೆ ಹಿಡಿಯುವ ಹಾಗೆ. ಒಂದು ನಿಮಿಷ ತಡೆದಳು. ನನ್ನದು ಶುರುವಾಗಿ ಅರ್ಧ ನಿಮಿಷವಾಗಿರಬೇಕು, ತಟ್ಟನೆ ತೆಗೆದು ಮೇಜಿನ ಮೇಲಿಟ್ಟಳು.

ಧರಿತ್ರಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ದಿನಾ ಹಿಂಗ ಕೇಳತೈತಿ ನಿಮಗ?"

"ಹೂಂ. ಹತ್ತಿ ಇದ್ರ ಸ್ವಲ್ಪ ಕಡಿಮಿ."

"ಹಂಗಾರ ನಮ್ಮ ಮದವ್ಯಾಗ?" ಎಂದಳು. "ಮೂರು ದಿನ. ಆ ಬಾಜಾ ಭಜಂತ್ರಿ, ಮೈಕು, ಐನೂರು ಮಂದಿ, ನಮ್ಮ ಕಾಕಾಗಳ ಗದ್ದಲ. ಹೆಂಗ ಕುಂತಿದ್ರಿ?"

"ಭಾಳ ಕಷ್ಟಪಟ್ಟು ಕುಂತಿದ್ದೆ."

"ಎದ್ದು ಹೋಗಬೇಕು ಅನಿಸಲಿಲ್ಲ?"

"ಹದಿನಾಕು ಸಲ ಅನಿಸಿತ್ತು."

"ಮತ್ತ ಯಾಕ ಹೋಗಲಿಲ್ಲ?"

ಇದೆಂಥ ಪ್ರಶ್ನೆ ಎಂದು ನನಗೆ ಆಶ್ಚರ್ಯವಾಯಿತು. "ಹೋಗಿದ್ರ ನೀ ಸಿಗತಿದ್ದಿಲ್ಲ," ಎಂದೆ.

ಶಾಂತವ್ವ ಧರಿತ್ರಿಯನ್ನು ಬೆಂಚಿಗೆ ಕರೆದು, ನಮ್ಮಿಬ್ಬರ ನಡುವೆ ಬಂದು ಕೂತಳು. ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ಅತ್ತಳು, ಧರಿತ್ರಿಗೂ ನನಗೂ ಕೇಳಿಸದ ಹಾಗೆ.